ಕ್ಯಾಮೆರಾ ನಡುಗಿದರೆ ಸಾಕೇ? ಮೊದಲ ದೃಶ್ಯದ ಆತಂಕ ಎಲ್ಲಿಂದ ಬರುತ್ತದೆ

ಭೀಮಾತೀರ, ಕಲಬುರಗಿ

ನಮ್ಮ ಭಾಗದಲ್ಲಿ ತಯಾರಾಗುವ ಕಿರುಚಿತ್ರಗಳನ್ನು ಸಿಕ್ಕಷ್ಟೂ ನೋಡುತ್ತೇನೆ. ತಮ್ಮ ಓಣಿ, ತಮ್ಮ ಹೊಲ, ತಮ್ಮ ಮನೆಯ ಪಡಸಾಲೆಯನ್ನು ಇಲ್ಲಿಯ ಹುಡುಗ ಹುಡುಗಿಯರೇ ಚಿತ್ರೀಕರಿಸುತ್ತಿದ್ದಾರೆ ಎಂಬುದು ನನಗೆ ದೊಡ್ಡ ಸಂಗತಿ. ಅದಕ್ಕಾಗಿಯೇ ಒಂದು ತಕರಾರನ್ನು ನಮ್ಮ ಈ ಚರ್ಚಾ ವೇದಿಕೆಯಲ್ಲಿ ಎತ್ತುತ್ತಿದ್ದೇನೆ.

ಬಹುತೇಕ ಚಿತ್ರಗಳು ಒಂದೇ ರೀತಿ ಶುರುವಾಗುತ್ತವೆ. ಯಾರೋ ಓಡುತ್ತಿರುತ್ತಾರೆ. ಹಿಂದೆ ಓಡುವ ಕ್ಯಾಮೆರಾ ಗಡಗಡ ನಡುಗುತ್ತದೆ. ಹಿನ್ನೆಲೆಯಲ್ಲಿ ದಪ್ಪನೆಯ ನಗಾರಿ ಸದ್ದು, ಅದರ ಜೊತೆಗೆ ಎದೆಬಡಿತ. ನೋಡುವವನಿಗೆ ಇದು ಆತಂಕದ ದೃಶ್ಯ ಎಂದು ತಿಳಿಯುತ್ತದೆ, ಆದರೆ ಆತಂಕ ಆಗುವುದಿಲ್ಲ. ಓಡುತ್ತಿರುವವನು ಯಾರು, ಯಾಕೆ ಎಂಬ ಕುತೂಹಲ ಹುಟ್ಟುವ ಮೊದಲೇ ಸಂಗೀತ ತೀರ್ಪು ಕೊಟ್ಟುಬಿಟ್ಟಿರುತ್ತದೆ.

ನನ್ನನ್ನು ಕುರ್ಚಿಯಿಂದ ಏಳಗೊಡದ ಆರಂಭಗಳನ್ನು ಮತ್ತೆ ಮತ್ತೆ ಹಾಕಿ ನೋಡಿದಾಗ ಒಂದು ವಿಷಯ ಗಟ್ಟಿಯಾಯಿತು. ಅಲ್ಲಿ ಕ್ಯಾಮೆರಾಕ್ಕೆ ಮುಂದೇನಾಗುತ್ತದೆ ಎಂದು ಗೊತ್ತಿರುವುದಿಲ್ಲ, ಸದ್ದಿಗೆ ಗೊತ್ತಿರುತ್ತದೆ. ಕ್ಯಾಮೆರಾ ತಡವಾಗಿ ತಿರುಗುತ್ತದೆ, ಸದ್ದು ಮೊದಲೇ ಬಂದಿರುತ್ತದೆ. ಆ ಎರಡರ ನಡುವಿನ ಅಂತರದಲ್ಲಿ ನಾವು ಸಿಕ್ಕಿಬೀಳುತ್ತೇವೆ.

ಬೆಲ್ಜಿಯಂನ ದಾರ್ದೆನ್ ಸಹೋದರರ 'ರೊಸೆಟ್ಟಾ' ನೋಡಿ. 1999ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ಪಡೆದ ಚಿತ್ರ. ಕೆಲಸದಿಂದ ತೆಗೆದುಹಾಕಲ್ಪಟ್ಟ ಹುಡುಗಿಯೊಬ್ಬಳು ಕಾರ್ಖಾನೆಯ ಒಳದಾರಿಗಳಲ್ಲಿ ಬಿರುಸಾಗಿ ನಡೆಯುತ್ತಾಳೆ. ಕ್ಯಾಮೆರಾ ಅವಳ ಬೆನ್ನ ಹಿಂದೆಯೇ ಇದೆ. ಮುಖ ಕಾಣುವುದಿಲ್ಲ, ಟೊಪ್ಪಿಗೆ ಮತ್ತು ಬೆನ್ನು ಮಾತ್ರ. ಅವಳು ತಿರುಗಿದ ಮೇಲೆ ಕ್ಯಾಮೆರಾ ತಿರುಗುತ್ತದೆ. ಅವಳು ಬಾಗಿಲು ಬಡಿದ ಮೇಲೆ ನಮಗೆ ಅಲ್ಲೊಂದು ಬಾಗಿಲಿತ್ತು ಎಂದು ಗೊತ್ತಾಗುತ್ತದೆ. ಸಂಗೀತ ಒಂದು ಎಳೆಯೂ ಇಲ್ಲ. ಹೆಜ್ಜೆ, ಬಾಗಿಲು, ಯಂತ್ರಗಳು, ಉಸಿರು, ಅಷ್ಟೇ. ಯಾರೂ ಕೊಲೆಯಾಗುವುದಿಲ್ಲ. ಒಬ್ಬಳ ಕೆಲಸ ಹೋಗಿದೆ. ಆದರೂ ಯುದ್ಧದ ಚಿತ್ರ ನೋಡಿದಷ್ಟು ಮೈ ಬಿಗಿಯಾಗುತ್ತದೆ.

ಕ್ಯಾಮೆರಾ ಹಿಡಿಯುವವರು, ಧ್ವನಿ ಮುದ್ರಿಸುವವರು, ನಾಟಕದವರು ಇಲ್ಲಿ ಇದ್ದೀರಿ. ನಿಮಗೆ ಇದು ಹೌದೆನಿಸುತ್ತದೆಯೇ?

ಅಕ್ಷತೆ, ಸೇಡಂ

ಸರ್, ನಾನು ಮದುವೆ ವಿಡಿಯೋ ಮಾಡುವವನು. ಸಿನಿಮಾ ಮಾಡಿಲ್ಲ. ಆದರೆ ಭುಜದ ಮೇಲೆ ಕ್ಯಾಮೆರಾ ಹೊತ್ತು ಜನರ ನಡುವೆ ನುಗ್ಗುವುದೇ ನನ್ನ ಅನ್ನ. ನೀವು ಹೇಳಿದ 'ತಡವಾಗಿ ತಿರುಗುವುದು' ನನಗೆ ಚೆನ್ನಾಗಿ ಗೊತ್ತು.

ಅಕ್ಷತೆ ಬೀಳುವ ಹೊತ್ತಿನಲ್ಲಿ ಮಂಟಪದ ಸುತ್ತ ಜನ ಕಿಕ್ಕಿರಿದಿರುತ್ತಾರೆ. ವಧೂವರರ ಮುಖ ನನಗೆ ಕಾಣುವುದೇ ಇಲ್ಲ. ನಾನು ಕಿವಿಯಿಂದ ಕೆಲಸ ಮಾಡುತ್ತೇನೆ. ಮಂಗಳಾಷ್ಟಕದ ರಾಗ ಮೇಲೇರುತ್ತದೆ, 'ಸಾವಧಾನ' ಎಂಬ ಕೂಗಿನ ಕೊನೆಯ ಅಕ್ಷರ ಎಳೆಯುತ್ತದೆ, ಬಾಜಾದವನು ಕೋಲೆತ್ತುತ್ತಾನೆ. ಆಗಲೇ ನಾನು ತಿರುಗಲು ಶುರು ಮಾಡಿರುತ್ತೇನೆ. ಅಷ್ಟಾದರೂ ಅಕ್ಕಿಕಾಳು ಗಾಳಿಯಲ್ಲಿರುವಾಗ ನನ್ನ ಫ್ರೇಮ್ ಅರ್ಧ ದಾರಿಯಲ್ಲಿರುತ್ತದೆ. ಮೊದಲು ಯಾರದೋ ಪೇಟಾ, ಆಮೇಲೆ ಒಂದು ಕೈ, ಆಮೇಲೆ ಹುಡುಗಿಯ ಬಾಗಿದ ತಲೆ. ಆ ತುಣುಕನ್ನು ಮನೆಯವರಿಗೆ ತೋರಿಸಿದಾಗ ಎಲ್ಲರೂ ಮುಂದಕ್ಕೆ ಬಾಗಿ ನೋಡುತ್ತಾರೆ. ಟ್ರೈಪಾಡ್ ಮೇಲೆ ಇಟ್ಟ ಎರಡನೇ ಕ್ಯಾಮೆರಾದಲ್ಲಿ ಅದೇ ಕ್ಷಣ ಪೂರ್ತಿಯಾಗಿ, ಅಚ್ಚುಕಟ್ಟಾಗಿ ಸಿಕ್ಕಿರುತ್ತದೆ. ಅದನ್ನು ನೋಡಿ ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಈಗ ಹುಡುಗರು ಗಿಂಬಲ್ ಎಂಬ ಅಲುಗಾಟ ತಡೆಯುವ ಹಿಡಿಕೆಯ ಮೇಲೆ ನುಣ್ಣಗೆ ತೆಗೆದು, ಆಮೇಲೆ ಎಡಿಟಿಂಗ್‌ನಲ್ಲಿ ನಡುಕ ಸೇರಿಸುತ್ತಾರೆ. ದಯವಿಟ್ಟು ಬೇಡ. ನಿಜವಾಗಿ ನಡೆಯುವಾಗ ಕ್ಯಾಮೆರಾ ಜಾಗ ಬದಲಿಸುತ್ತದೆ. ಹತ್ತಿರದ ಕಂಬ ಹೆಚ್ಚು ಸರಿಯುತ್ತದೆ, ದೂರದ ಗುಡಿ ಕಡಿಮೆ ಸರಿಯುತ್ತದೆ. ಎಡಿಟಿಂಗ್‌ನಲ್ಲಿ ಹಾಕಿದ ನಡುಕದಲ್ಲಿ ಕಂಬವೂ ಗುಡಿಯೂ ಒಟ್ಟಿಗೆ ಅಲುಗುತ್ತವೆ, ಗೋಡೆಗೆ ಹಾಕಿದ ಫೋಟೋ ಅಲುಗಿದ ಹಾಗೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಮೋಸ ತಿಳಿಯುತ್ತದೆ.

ಹಿಡಿಯುವವರಿಗೆ: ಮೊಣಕೈ ಪಕ್ಕೆಲುಬಿಗೆ ತಾಗಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ, ಅಗಲ ಕಾಣಿಸುವ ಲೆನ್ಸ್ ಇರಲಿ. ಜೂಮ್ ಮಾಡಿ ಕೈಯಲ್ಲಿ ಹಿಡಿದರೆ ಉಸಿರಾಟವೇ ಭೂಕಂಪವಾಗುತ್ತದೆ. ಅಲುಗದಂತೆ ಹಿಡಿಯಲು ಪೂರ್ತಿ ಪ್ರಯತ್ನ ಮಾಡಿ. ಆದರೂ ಉಳಿಯುವ ಅಲುಗಾಟವೇ ಒಳ್ಳೆಯ ಅಲುಗಾಟ.

ಪಾಠದ ಕೋಣೆ, ಕಲಬುರಗಿ

ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವಳು. ಒಂದು ಪ್ರಚಲಿತ ನಂಬಿಕೆಯ ಬಗ್ಗೆ ಬರೆಯದೆ ಇರಲಾರೆ. 'ಕೈಯಲ್ಲಿ ಹಿಡಿದ ಕ್ಯಾಮೆರಾ ಮನುಷ್ಯನ ಕಣ್ಣಿನಂತೆ ನೋಡುತ್ತದೆ, ಅದಕ್ಕೇ ಅದು ಸಹಜ' ಎಂದು ಎಲ್ಲೆಡೆ ಓದುತ್ತೇವೆ. ದೇಹದ ಲೆಕ್ಕದಲ್ಲಿ ಅದು ಸರಿಯಲ್ಲ.

ಈಗಲೇ ಪರೀಕ್ಷಿಸಿ. ಮೊಬೈಲನ್ನು ಅಲುಗದಂತೆ ಹಿಡಿದು, ಈ ಸಾಲನ್ನು ಓದುತ್ತಾ ತಲೆಯನ್ನು 'ಇಲ್ಲ' ಎನ್ನುವಂತೆ ಬೇಗ ಬೇಗ ಆಡಿಸಿ. ಅಕ್ಷರಗಳು ಸ್ಪಷ್ಟವಾಗಿಯೇ ಇರುತ್ತವೆ. ಈಗ ತಲೆಯನ್ನು ನಿಲ್ಲಿಸಿ ಮೊಬೈಲನ್ನು ಅಷ್ಟೇ ವೇಗದಲ್ಲಿ ಆಡಿಸಿ. ಓದಲಾಗುವುದಿಲ್ಲ. ಮೊದಲ ಸಲ ನಿಮ್ಮನ್ನು ಕಾಪಾಡಿದ್ದು ಒಳಕಿವಿ. ಅಲ್ಲಿರುವ ಅರ್ಧವರ್ತುಲ ನಾಳಗಳು ತಲೆಯ ತಿರುಗಾಟವನ್ನು ಅಳೆಯುತ್ತವೆ, ಸುಮಾರು 10 ಮಿಲಿಸೆಕೆಂಡುಗಳಲ್ಲಿ ಕಣ್ಣುಗುಡ್ಡೆಗಳು ವಿರುದ್ಧ ದಿಕ್ಕಿಗೆ ತಿರುಗಿ ದೃಶ್ಯವನ್ನು ಸ್ಥಿರವಾಗಿಡುತ್ತವೆ. ಸೂಪರ್ ಮಾರ್ಕೆಟ್‌ ಪೇಟೆಯ ಜನಜಂಗುಳಿಯಲ್ಲಿ ಓಡಿದರೂ ನಮಗೆ ಜಗತ್ತು ನಡುಗುವುದಿಲ್ಲ.

ಹಾಗಾದರೆ ಪರದೆಯ ಮೇಲೆ ನಡುಗುವ ಚಿತ್ರ ಯಾರ ನೋಟ? ನಮ್ಮದಂತೂ ಅಲ್ಲ. ಅಲ್ಲೊಬ್ಬರು ದೇಹವಿರುವವರು ನಿಂತಿದ್ದಾರೆ, ಅವರು ಏನನ್ನೋ ಹೊತ್ತಿದ್ದಾರೆ ಎಂಬ ಸುಳಿವು ಮಾತ್ರ ನಮಗೆ ಸಿಗುತ್ತದೆ. ಸುದ್ದಿವಾಹಿನಿಗಳ ಗಲಭೆಯ ದೃಶ್ಯಗಳನ್ನು ನೋಡಿ ನೋಡಿ ಈ ಸುಳಿವನ್ನು ಓದುವುದನ್ನು ನಾವು ಕಲಿತಿದ್ದೇವೆ ಎಂಬುದು ನನ್ನ ಊಹೆ.

ನಡುಕ ಹೆಚ್ಚಾದರೆ ಇನ್ನೊಂದು ತೊಂದರೆ. ಕಣ್ಣು 'ಚಲಿಸುತ್ತಿದ್ದೇವೆ' ಎನ್ನುತ್ತದೆ, ಒಳಕಿವಿ 'ಕುಳಿತಿದ್ದೇವೆ' ಎನ್ನುತ್ತದೆ. ಈ ಜಗಳದಿಂದ ಬರುವುದು ವಾಕರಿಕೆ. ಅದನ್ನು ಆತಂಕ ಎಂದು ಭ್ರಮಿಸಬಾರದು.

ಭೀಮಾತೀರ, ಕಲಬುರಗಿ

ಮೇಡಂ, ಈ ಮಾತು ನನ್ನ ವಾದಕ್ಕೆ ಗಟ್ಟಿ ನೆಲ ಕೊಟ್ಟಿತು. ಹೊತ್ತವರು ಯಾರು ಎಂಬ ಪ್ರಶ್ನೆಯನ್ನೇ ಇಡೀ ಆರಂಭವಾಗಿಸಿದ ಚಿತ್ರವೊಂದಿದೆ: ಅಮೆರಿಕದ ಜಾನ್ ಕಾರ್ಪೆಂಟರ್ ಅವರ 'ಹ್ಯಾಲೋವೀನ್', 1978.

ರಾತ್ರಿ ಹೊತ್ತು ಮನೆಯೊಂದನ್ನು ಯಾರೋ ಹೊರಗಿನಿಂದ ನೋಡುತ್ತಿದ್ದಾರೆ. ಆ 'ಯಾರೋ' ಕಿಟಕಿಗೆ ಬರುತ್ತಾರೆ, ಹಿಂಬಾಗಿಲಿನಿಂದ ಒಳಗೆ ಹೋಗುತ್ತಾರೆ, ಅಡುಗೆಮನೆಯಲ್ಲಿ ಚಾಕು ತೆಗೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ಎಲ್ಲವೂ ಅವರ ಕಣ್ಣಿನಿಂದಲೇ. ಮುಖವಾಡ ಹಾಕಿಕೊಂಡ ಕೂಡಲೇ ಎರಡು ತೂತುಗಳಷ್ಟೇ ಉಳಿಯುತ್ತವೆ, ಉಸಿರಾಟ ಕಿವಿಗೆ ಹತ್ತಿರವಾಗುತ್ತದೆ. ಕೊಲೆಯಾದ ಮೇಲೆ ಹೊರಗೆ ಮುಖವಾಡ ಕಳಚಿದಾಗ ಅಲ್ಲಿ ನಿಂತಿರುವುದು ಆರು ವರ್ಷದ ಹುಡುಗ.

ಗಮನಿಸಬೇಕಾದದ್ದು, ಇಲ್ಲಿ ನಡುಕವೇ ಇಲ್ಲ. ಮೈಗೆ ಕಟ್ಟಿಕೊಂಡು ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಪ್ಯಾನಾಗ್ಲೈಡ್ ಎಂಬ ಸಾಧನದಿಂದ ಚಿತ್ರೀಕರಿಸಿದ್ದರು. ಗ್ಯಾರೆಟ್ ಬ್ರೌನ್ ಅವರ ಸ್ಟೆಡಿಕ್ಯಾಮ್‌ಗೆ ಎದುರಾಳಿಯಾಗಿ ಪ್ಯಾನಾವಿಷನ್ ಕಂಪನಿ ತಂದ ಸಾಧನ ಅದು. ಚಿತ್ರ ತೇಲುತ್ತದೆ. ತೇಲುವ ನೋಟಕ್ಕೆ ದೇಹವನ್ನು ಕೊಟ್ಟದ್ದು ಉಸಿರಿನ ಸದ್ದು. ನಡುಕದಿಂದ ಮಾಡಬಹುದಾದ ಕೆಲಸವನ್ನು ಧ್ವನಿಯಿಂದಲೂ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮೂರನೇ ಗಂಟೆ, ಯಾದಗಿರಿ

ಹಾಗಾದರೆ ನನ್ನ ಪ್ರಶ್ನೆ ನೇರವಾಗಿದೆ. ಎಲ್ಲವನ್ನೂ ಸದ್ದೇ ಮಾಡುವುದಾದರೆ ಕ್ಯಾಮೆರಾವನ್ನು ಕೈಗೆ ಯಾಕೆ ಎತ್ತಿಕೊಳ್ಳಬೇಕು? ಟ್ರೈಪಾಡ್ ಮೇಲೆ ಇಡಿ, ಸುಮ್ಮನಿರಿ.

ನಾನು ನಾಟಕದ ಮನೆಯಲ್ಲಿ ಬೆಳೆದವನು. ಕಂಪನಿ ನಾಟಕದಲ್ಲಿ ಮೊದಲನೇ ಗಂಟೆಗೆ ಜನ ಚಹಾ ಮುಗಿಸುತ್ತಾರೆ, ಎರಡನೆಯದಕ್ಕೆ ಒಳಗೆ ಬರುತ್ತಾರೆ, ಮೂರನೇ ಗಂಟೆಗೆ ಮಾತು ನಿಲ್ಲುತ್ತದೆ. ಪರದೆ ಇನ್ನೂ ಎದ್ದಿರುವುದಿಲ್ಲ. ಹಿಂದೆ ಹಲಗೆಯ ಮೇಲೆ ಯಾರೋ ನಡೆದ ಸದ್ದು, ಗೆಜ್ಜೆ ಒಂದು ಸಲ ಅಲುಗಿ ಯಾರೋ ಕೈಯಿಂದ ಹಿಡಿದು ನಿಲ್ಲಿಸಿದ ಸದ್ದು, ಹಾರ್ಮೋನಿಯಂ ಪೇಟಿಯ ಒಂದು ಸ್ವರ. ಆ ಅರ್ಧ ನಿಮಿಷದ ಬಿಗಿಯನ್ನು ನಾನು ಯಾವ ಓಡುವ ಕ್ಯಾಮೆರಾದಲ್ಲೂ ಕಂಡಿಲ್ಲ. ಅಲ್ಲಿ ನಮ್ಮ ಕಣ್ಣ ಮುಂದೆ ಇರುವುದು ಅಲುಗಾಡದ ಒಂದು ಬಟ್ಟೆ.

ನಿಶ್ಚಲ ಚೌಕಟ್ಟಿಗೆ ಒಂದು ಶಕ್ತಿ ಇದೆ. ಅದು ತಿರುಗಿ ನೋಡುವುದಿಲ್ಲ. ಸದ್ದು ಎಡಗಡೆಯಿಂದ ಬಂದರೂ ಚೌಕಟ್ಟು ಜಗ್ಗುವುದಿಲ್ಲ, ಆದ್ದರಿಂದ ತಿರುಗಬೇಕೆಂಬ ಚಡಪಡಿಕೆ ನೋಡುವವನಿಗೇ ಉಳಿಯುತ್ತದೆ. ಕೈಯಲ್ಲಿ ಹಿಡಿದವನು ನಮ್ಮ ಪರವಾಗಿ ತಿರುಗಿಬಿಡುತ್ತಾನೆ, ಚಡಪಡಿಕೆ ಅಲ್ಲಿಗೆ ಮುಗಿಯುತ್ತದೆ.

ಕರೇಜ್, ಬೀದರ್

ಮೂರನೇ ಗಂಟೆಯವರೇ, ಪರದೆಯ ಹಿಂದಿನ ಗೆಜ್ಜೆಯ ಮಾತು ನನಗೆ ತುಂಬಾ ಹಿಡಿಸಿತು. ಧ್ವನಿ ಮುದ್ರಣ ನನ್ನ ಕೆಲಸ, ನಿಮ್ಮ ಪ್ರಶ್ನೆಗೆ ಉತ್ತರ ಆ ಕೆಲಸದಿಂದಲೇ ಕೊಡುತ್ತೇನೆ. ಸದ್ದಿಗೆ ಕೇಳುವ ಕಿವಿಯೊಂದು ಬೇಕು. ಕ್ಯಾಮೆರಾ ಕೈಯಲ್ಲಿದ್ದಾಗ ಆ ಕಿವಿ ಯಾವ ಜಾಗದಲ್ಲಿದೆ ಎಂದು ನಮಗೆ ಗೊತ್ತಾಗುತ್ತದೆ. ಹಾಗಾಗಿ ಆ ಕಿವಿಗೆ ಏನಾದರೂ ಆದರೆ ನಮಗೂ ಆಗುತ್ತದೆ.

ಸ್ಪೀಲ್‌ಬರ್ಗ್ ಅವರ 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರದ ನಾರ್ಮಂಡಿ ಕಡಲತೀರದ ದೃಶ್ಯವನ್ನು ಎಲ್ಲರೂ ನಡುಗುವ ಕ್ಯಾಮೆರಾದ ಉದಾಹರಣೆಯಾಗಿ ಕೊಡುತ್ತಾರೆ. ಹೌದು, ಛಾಯಾಗ್ರಾಹಕ ಯಾನುಸ್ ಕಮಿನ್ಸ್ಕಿ ಬಹುಪಾಲು ಕೈಯಲ್ಲೇ ಹಿಡಿಸಿದರು. ಆದರೆ ಅಲ್ಲಿಯ ಒರಟುತನ ನಡುಕದಿಂದಷ್ಟೇ ಬಂದದ್ದಲ್ಲ. ಸೆಕೆಂಡಿಗೆ 24 ಫ್ರೇಮ್ ಓಡುವ ಸಿನಿಮಾದಲ್ಲಿ ಬೆಳಕನ್ನು ಒಳಬಿಡುವ ತಿರುಗು ತಟ್ಟೆ, ಅಂದರೆ ಶಟರ್, ಸಾಮಾನ್ಯವಾಗಿ 180 ಡಿಗ್ರಿಯಷ್ಟು, ಅರ್ಧ ಸುತ್ತು, ತೆರೆದಿರುತ್ತದೆ. ಪ್ರತಿ ಫ್ರೇಮ್ ಸೆಕೆಂಡಿನ 1/48 ಭಾಗ ಬೆಳಕು ಕುಡಿಯುತ್ತದೆ, ಚಲನೆ ಸ್ವಲ್ಪ ಕಲಸಿಕೊಂಡು ಮೃದುವಾಗುತ್ತದೆ. ಅವರು ಶಟರನ್ನು 90 ಮತ್ತು 45 ಡಿಗ್ರಿಗೆ ಇಳಿಸಿದರು, ಅಂದರೆ 1/96 ಮತ್ತು 1/192. ಕಲಸುವಿಕೆ ಹೋಯಿತು. ಚಿಮ್ಮಿದ ಮರಳಿನ ಪ್ರತಿ ಕಾಳೂ ಬೇರೆ ಬೇರೆಯಾಗಿ ಕಾಣತೊಡಗಿತು. ಮೊಬೈಲ್‌ನಲ್ಲೂ ಶಟರ್ ವೇಗವನ್ನು ಕೈಯಾರೆ ಬದಲಿಸುವ ಆ್ಯಪ್‌ಗಳಿವೆ, ಹುಡುಗರು ಇದನ್ನು ಮಾಡಿ ನೋಡಬಹುದು.

ಈಗ ಕಿವಿಯ ವಿಷಯ. ದೋಣಿಯಿಂದ ಬಿದ್ದವರ ಜೊತೆ ಕ್ಯಾಮೆರಾ ನೀರೊಳಗೆ ಮುಳುಗಿದಾಗ ಗುಂಡಿನ ಅಬ್ಬರವೆಲ್ಲ ಮಂಕಾಗುತ್ತದೆ. ಮೇಲೆ ಬಂದ ಕೂಡಲೇ ಸಿಡಿಯುತ್ತದೆ, ಮತ್ತೆ ಮುಳುಗಿದಾಗ ಮಂಕು. ಆಮೇಲೆ ಕ್ಯಾಪ್ಟನ್ ಪಾತ್ರದ ಟಾಮ್ ಹ್ಯಾಂಕ್ಸ್ ಸಿಡಿತದಿಂದ ಕಿವುಡಾಗುತ್ತಾರೆ. ನಮಗೂ ಟೊಳ್ಳು ಮೊರೆತವಷ್ಟೇ ಉಳಿಯುತ್ತದೆ. ಎದುರಿಗೆ ಸೈನಿಕ ಬಾಯಿ ತೆರೆದು ಏನೋ ಕೂಗುತ್ತಾನೆ, ಕೇಳಿಸುವುದಿಲ್ಲ. ಗ್ಯಾರಿ ರೈಡ್‌ಸ್ಟ್ರಾಮ್ ಅವರ ಧ್ವನಿ ವಿನ್ಯಾಸ ಅದು. ಚಿತ್ರಕ್ಕೆ ಸಂಗೀತ ಸಂಯೋಜಿಸಿದವರು ಹೆಸರಾಂತ ಜಾನ್ ವಿಲಿಯಮ್ಸ್. ಆದರೂ ಆ ಕಾಳಗದ ಉದ್ದಕ್ಕೂ ವಾದ್ಯದ ಒಂದು ಸ್ವರವಿಲ್ಲ. ಟ್ರೈಪಾಡ್ ಮೇಲಿನ ಕ್ಯಾಮೆರಾಕ್ಕೆ ಕಿವುಡು ಬಂದರೆ ಪ್ರೊಜೆಕ್ಟರ್ ಕೆಟ್ಟಿತೆಂದು ಜನ ಹಿಂದಕ್ಕೆ ತಿರುಗಿ ನೋಡುತ್ತಾರೆ. ಪಕ್ಕದಲ್ಲಿ ತೆವಳುತ್ತಿದ್ದ ಕ್ಯಾಮೆರಾಕ್ಕೆ ಬಂದಾಗ ತಮ್ಮ ಕಿವಿ ಮುಟ್ಟಿಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾ ಮತ್ತು ಸ್ಥಳದ ಸದ್ದು ಎಂಬ ಈ ಜೋಡಿ ತಡವಾಗಿ ಬಂದದ್ದಕ್ಕೆ ಒಂದು ಯಂತ್ರವೂ ಕಾರಣ. ದಶಕಗಳ ಕಾಲ ಇಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಆರಿ 2ಸಿ ಕ್ಯಾಮೆರಾ ಹಗುರವಾಗಿತ್ತು, ಕೈಯಲ್ಲಿ ಹಿಡಿಯಬಹುದಿತ್ತು, ಆದರೆ ಓಡುವಾಗ ದೊಡ್ಡ ಸದ್ದು ಮಾಡುತ್ತಿತ್ತು. ಹಾಗಾಗಿ ಸ್ಥಳದ ಧ್ವನಿ ಬಳಸಲಾಗದೆ ಎಲ್ಲವನ್ನೂ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವುದು ರೂಢಿಯಾಯಿತು. ಕ್ಯಾಮೆರಾ ಹೊಲದಲ್ಲಿ, ಕಿವಿ ಚೆನ್ನೈ ಅಥವಾ ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ. 2001ರ 'ಲಗಾನ್' ಸ್ಥಳದಲ್ಲೇ ಧ್ವನಿ ಮುದ್ರಿಸಿದ ಮೇಲೆ ಮುಖ್ಯವಾಹಿನಿಯಲ್ಲೂ ಜನ ಇತ್ತ ಗಮನ ಕೊಟ್ಟರು. ಇಂದಿಗೂ ನಮ್ಮ ಕಿರುಚಿತ್ರಗಳಲ್ಲಿ ಹಳೆಯ ರೂಢಿಯೇ ಮುಂದುವರಿದಿದೆ. ಇಂಟರ್‌ನೆಟ್‌ನಿಂದ ಇಳಿಸಿದ 'ಹೆಜ್ಜೆ ಸದ್ದು' ಯಾವ ದೇಶದ ಮರದ ನೆಲದ್ದೋ ಆಗಿರುತ್ತದೆ. ಚಿತ್ರದಲ್ಲಿ ಕಾಣುವುದು ಶಹಾಬಾದ್ ಫರಸಿ. ಫರಸಿ ಕಲ್ಲಿನ ಮೇಲೆ ಚಪ್ಪಲಿಯ ಸದ್ದು ಚಪ್ಪಟೆಯಾಗಿ, ಸ್ವಲ್ಪ ಉಜ್ಜಿದಂತೆ ಬರುತ್ತದೆ. ಇಲ್ಲಿ ಹುಟ್ಟಿದ ಯಾರಿಗೂ ಆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ನಗಾರಿಯ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತದ ವಿಷಯ. ನಿಮ್ಮ ಚಿತ್ರವನ್ನು ಜನ ನೋಡುವುದು ಮೊಬೈಲ್‌ನಲ್ಲಿ. ಅದರ ಪುಟ್ಟ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಎಡಿಟಿಂಗ್ ಮಾಡುವಾಗ ಹೆಡ್‌ಫೋನ್‌ನಲ್ಲಿ ಎದೆ ನಡುಗಿಸಿದ ಮೊರೆತ ನೋಡುವವನಿಗೆ ತಲುಪುವುದೇ ಇಲ್ಲ. ತಲುಪುವುದು ಮಧ್ಯದ ಸದ್ದುಗಳು: ಸರಪಳಿ, ಒಣಎಲೆ, ಉಸಿರು, ಚಿಲಕ.

ತೊಗರಿ ಸಾಲು, ಆಳಂದ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಓದುತ್ತಿದ್ದೇನೆ, ಗೆಳತಿಯರೊಂದಿಗೆ ಮೊದಲ ಕಿರುಚಿತ್ರ ಮಾಡಲು ಹೊರಟಿದ್ದೇನೆ. ಓದುತ್ತಾ ಹೋದಂತೆ ನನ್ನ ಆರಂಭದ ದೃಶ್ಯವನ್ನು ಇಲ್ಲಿಯೇ ಕೇಳಿಬಿಡೋಣ ಎನಿಸಿತು.

ಕಾಡುಹಂದಿ ಕಾಯಲು ರಾತ್ರಿ ಹೊಲಕ್ಕೆ ಹೋದ ಅಪ್ಪ ಬೆಳಗಾದರೂ ಬಂದಿಲ್ಲ. ಹದಿಮೂರು ವರ್ಷದ ಮಗಳು ನಸುಕಿನಲ್ಲಿ ಹುಡುಕಿಕೊಂಡು ಹೋಗುತ್ತಾಳೆ. ತೊಗರಿ ಅವಳ ತಲೆಗಿಂತ ಎತ್ತರ ಬೆಳೆದಿದೆ, ಕಾಯಿ ಒಣಗಿದೆ. ಅವಳು ಹೆದರಿ ಓಡುತ್ತಾಳೆ, ಕ್ಯಾಮೆರಾ ಹಿಂದೆ ಓಡುತ್ತದೆ, ಬಿಜಿಎಂ ಏರುತ್ತದೆ, ಅಪ್ಪನ ಚಪ್ಪಲಿ ಕಾಣುತ್ತದೆ. ಇಷ್ಟು ಬರೆದುಕೊಂಡಿದ್ದೆ. ನಮ್ಮಲ್ಲಿರುವುದು ಒಂದು ಮೊಬೈಲ್, ಒಂದು ಕಾಲರ್ ಮೈಕ್, ಒಂದು ಚಿಕ್ಕ ರೆಕಾರ್ಡರ್.

ಭೀಮಾತೀರ, ಕಲಬುರಗಿ

ತಂಗಿ, ನಿಮ್ಮ ಕೈಯಲ್ಲಿ ಚಿನ್ನದಂಥ ದೃಶ್ಯವಿದೆ. ಓಡಿಸಬೇಡಿ, ನಡೆಸಿ. ಅಪ್ಪನನ್ನು ಹುಡುಕುವ ಮಗಳು ಓಡುವುದಿಲ್ಲ. ನಿಂತು ನಿಂತು ಕೇಳಿಸಿಕೊಳ್ಳುತ್ತಾಳೆ.

ಒಣಗಿದ ತೊಗರಿಯಲ್ಲಿ ನಡೆದವರಿಗೆ ಗೊತ್ತು, ಮೈ ತಾಕಿದಲ್ಲೆಲ್ಲ ಕಾಯಿಯೊಳಗಿನ ಕಾಳು ಗಿಲಗಿಲ ಎನ್ನುತ್ತದೆ, ಎಲೆ ಸರಸರ ಎನ್ನುತ್ತದೆ. ಅವಳು ನಡೆದಷ್ಟೂ ಹೊತ್ತು ಆ ಸದ್ದು ಇರಲಿ. 'ಅಪ್ಪಾ' ಎಂದು ಕರೆಯಲಿ, ನಿಲ್ಲಲಿ. ಕ್ಯಾಮೆರಾವೂ ನಿಲ್ಲಲಿ. ಗಿಲಗಿಲ ನಿಲ್ಲಬಾರದು. ಅವಳು ನಿಂತ ಮೇಲೂ ಬೇರೆಲ್ಲೋ ಎರಡು ಸಲ ಅಲುಗಿ ಆಮೇಲೆ ನಿಲ್ಲಲಿ. ಅಪ್ಪನೋ, ಹಂದಿಯೋ, ಇನ್ಯಾರೋ? ಇದಕ್ಕೆ ಯಾವ ನಗಾರಿಯೂ ಬೇಡ.

ಅಕ್ಷತೆ, ಸೇಡಂ

ತಂಗಿ, ಕ್ಯಾಮೆರಾ ಅವಳ ಭುಜದ ಹಿಂದೆ ಒಂದು ಕೈಯಳತೆ ದೂರದಲ್ಲಿರಲಿ, ಅವಳಿಗಿಂತ ಮುಂದೆ ಒಮ್ಮೆಯೂ ಹೋಗಬಾರದು. ಮೊಬೈಲ್‌ನ ಮುಖ್ಯ ಲೆನ್ಸ್ ಸಾಕು, ಅದು ಅಗಲವಾಗಿಯೇ ಇರುತ್ತದೆ. ಗಿಡಗಳು ಲೆನ್ಸಿಗೆ ಬಡಿದರೆ ಬಡಿಯಲಿ. ಆದರೆ ಎಕ್ಸ್‌ಪೋಷರ್ (ಬೆಳಕಿನ ಅಳತೆ) ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಎಲೆ ಅಡ್ಡ ಬಂದಾಗಲೂ ಮೊಬೈಲ್ ಅದನ್ನೇ ಹಿಡಿಯಲು ಹೋಗಿ ಹುಡುಗಿಯನ್ನು ಕಳೆದುಕೊಳ್ಳುತ್ತದೆ.

ಸದ್ದು ಕೇಳಿದ ಮೇಲೆ ಅವಳು ತಿರುಗಲಿ, ಕ್ಯಾಮೆರಾ ಹಿಡಿದವರು ಅವಳ ಕಣ್ಣು ನೋಡಿ ತಿರುಗಲಿ. ಮೊದಲೇ ಅಭ್ಯಾಸ ಮಾಡಿಕೊಂಡರೆ ಇಬ್ಬರೂ ಒಟ್ಟಿಗೆ ತಿರುಗಿಬಿಡುತ್ತಾರೆ. ಯಾವ ಕಡೆಯಿಂದ ಸದ್ದು ಬರುತ್ತದೆ ಎಂದು ಕ್ಯಾಮೆರಾ ಹಿಡಿದವರಿಗೆ ಹೇಳಲೇಬೇಡಿ. ಗೆಳತಿಯೊಬ್ಬಳು ಗಿಡಗಳ ನಡುವೆ ಅಡಗಿ ನಿಜವಾಗಿ ಅಲುಗಿಸಲಿ.

ಪಾಠದ ಕೋಣೆ, ಕಲಬುರಗಿ

ಎದೆಬಡಿತದ ಸದ್ದನ್ನು ಹಾಕುವ ಆಸೆ ಇದ್ದರೆ ಬಿಟ್ಟುಬಿಡಮ್ಮ. ಕಿವಿಗೊಟ್ಟು ಕೇಳುವಾಗ ಮನುಷ್ಯ ಉಸಿರು ಹಿಡಿಯುತ್ತಾನೆ. ನಡೆಯುವಾಗ ಹುಡುಗಿಯ ಉಸಿರು ಕೇಳಲಿ. ನಿಂತಾಗ ಅದೂ ನಿಲ್ಲಲಿ. ನೋಡುವವರೂ ತಮಗರಿವಿಲ್ಲದೆ ಹಿಡಿಯುತ್ತಾರೆ.

ನಸುಕಿನ ಸಮಯ ಆರಿಸಿಕೊಂಡದ್ದು ಒಳ್ಳೆಯದು. ಗಾಳಿ ನಿಂತ ಚಳಿಗಾಲದ ರಾತ್ರಿಗಳ ಕೊನೆಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಸದ್ದು ಮೇಲಕ್ಕೆ ಚದುರದೆ ನೆಲದತ್ತ ಬಾಗುತ್ತದೆ. ಅದಕ್ಕೇ ದೂರದ ಊರಿನ ಗುಡಿಯ ಮೈಕು, ಮಸೀದಿಯ ಬಾಂಗು ಆ ಹೊತ್ತಿನಲ್ಲಿ ಅಷ್ಟು ಹತ್ತಿರ ಕೇಳಿಸುತ್ತವೆ. ಊರೆಲ್ಲ ಕೇಳಿಸುತ್ತಿದೆ, ಅಪ್ಪ ಮಾತ್ರ ಕೇಳಿಸುತ್ತಿಲ್ಲ ಎಂಬುದನ್ನು ಅಲ್ಲಿ ತರಬಹುದು.

ಮೂರನೇ ಗಂಟೆ, ಯಾದಗಿರಿ

ಎಲ್ಲವೂ ಸರಿ. ಆದರೆ ಕ್ಯಾಮೆರಾ ಕೈಗೆ ಬರುವ ಮೊದಲು ಒಂದೇ ಒಂದು ನಿಶ್ಚಲ ಚಿತ್ರ ಇಡಮ್ಮ. ಹೊಲದ ನಡುವಿನ ಅಟ್ಟಣಿಗೆ. ಅದರ ಮೇಲೆ ಕಂಬಳಿ, ಪಕ್ಕದಲ್ಲಿ ಇನ್ನೂ ಉರಿಯುತ್ತಿರುವ ಬ್ಯಾಟರಿ. ಮನುಷ್ಯನಿಲ್ಲ. ಟ್ರೈಪಾಡ್ ಇಲ್ಲದಿದ್ದರೆ ಕಲ್ಲಿನ ಮೇಲೆ ಮೊಬೈಲ್ ಇಡು. ಎಣಿಸಿ ಹತ್ತು ಸೆಕೆಂಡು, ಹುಳುಗಳ ಸದ್ದು ಮಾತ್ರ. ಆಮೇಲೆ ಹುಡುಗಿಯ ಬೆನ್ನು ಹಿಡಿದು ಹೊರಡು. ಸ್ಥಿರವಾದದ್ದನ್ನು ಕಂಡ ಕಣ್ಣಿಗೇ ಅಸ್ಥಿರದ ಬೆಲೆ ಗೊತ್ತಾಗುತ್ತದೆ.

ಭೀಮಾತೀರ, ಕಲಬುರಗಿ

ಇದನ್ನು ನಾನು ಒಪ್ಪಲಾರೆ. ಖಾಲಿ ಅಟ್ಟಣಿಗೆಯನ್ನು ನಾವು ಮೊದಲೇ ನೋಡಿಬಿಟ್ಟರೆ ಹುಡುಗಿಗಿಂತ ನಮಗೆ ಹೆಚ್ಚು ಗೊತ್ತಾಗುತ್ತದೆ. ಆಮೇಲೆ ಅವಳ ಹಿಂದೆ ನಡೆಯುವಾಗ 'ಪಾಪ, ಇವಳಿಗೆ ಗೊತ್ತಿಲ್ಲ' ಎಂಬ ಮರುಕ ಬರುತ್ತದೆ. ಅವಳ ಜೊತೆ ಕಂಗಾಲಾಗುವ ಅವಕಾಶ ಹೋಗುತ್ತದೆ. ಕ್ಯಾಮೆರಾಕ್ಕೆ ತಿಳಿದಿರಬಾರದು ಎಂಬುದೇ ನನ್ನ ಮೂಲ ಮಾತು.

ಹಂಗೆರಿಯ ಲಾಸ್ಲೊ ನೆಮೆಶ್ ಅವರ 'ಸನ್ ಆಫ್ ಸಾಲ್' (2015) ಈ ಶಿಸ್ತನ್ನು ಕೊನೆಯವರೆಗೂ ಕಾಪಾಡಿದ ಚಿತ್ರ. ಮೊದಲಿಗೆ ಕಾಣುವುದು ಮಸುಕಾದ ಹಸಿರು. ಫೋಕಸ್ ಇಲ್ಲ. ದೂರದಿಂದ ಒಬ್ಬ ನಡೆದು ಬಂದು ಕ್ಯಾಮೆರಾದ ಹತ್ತಿರ ನಿಂತಾಗಲೇ ಮುಖ ಸ್ಪಷ್ಟವಾಗುತ್ತದೆ. ಅಲ್ಲಿಂದ ಮುಂದೆ ಕ್ಯಾಮೆರಾ ಅವನನ್ನು ಬಿಡುವುದಿಲ್ಲ, ಅವನ ಸುತ್ತ ನಡೆಯುವುದೆಲ್ಲ ಮಸುಕಾಗಿಯೇ ಉಳಿಯುತ್ತದೆ. ಅದು ನಾಜಿ ಸಾವಿನ ಶಿಬಿರ. ವಿಷಾನಿಲದ ಕೋಣೆಯ ಬಾಗಿಲು ಮುಚ್ಚಿದ ಮೇಲೆ ನಾವು ನೋಡುವುದು ಅವನ ಮುಖವನ್ನು, ಕೇಳುವುದು ಒಳಗಿನಿಂದ ಬಾಗಿಲು ಬಡಿಯುವ ಕೈಗಳನ್ನು. ತೋರಿಸಬಾರದ್ದನ್ನು ತೋರಿಸದೆ, ಅಡಗಿಸಲೂ ಬಿಡದೆ ನಮ್ಮ ಮುಂದಿಟ್ಟರು. ಇದನ್ನು ಒಂದು 'ತಂತ್ರ' ಎಂದು ಹೇಳಿಕೊಡಲು ನನಗೆ ಮನಸ್ಸಾಗುವುದಿಲ್ಲ. ಆದರೆ ಕ್ಯಾಮೆರಾ ಒಬ್ಬನ ಪಕ್ಕದಲ್ಲಿ ನಿಲ್ಲುವುದೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಗಂಭೀರ ಉದಾಹರಣೆ ನನಗೆ ತಿಳಿಯದು.

ಮೂರನೇ ಗಂಟೆ, ಯಾದಗಿರಿ

ಮರುಕ ಯಾಕೆ ಕಡಿಮೆ ಎಂದುಕೊಂಡಿರಿ? ಪ್ರೇಕ್ಷಕನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ ಎಂಬುದರ ಮೇಲೆಯೇ ನಮ್ಮ ಬಯಲಾಟಗಳು ಬೆಳಗಿನ ಜಾವದವರೆಗೆ ಜನರನ್ನು ಕೂರಿಸಿದವು. ಕಥೆ ಎಲ್ಲರಿಗೂ ಗೊತ್ತಿದ್ದರೂ ಅಭಿಮನ್ಯು ಚಕ್ರವ್ಯೂಹದ ಕಡೆ ಹೆಜ್ಜೆ ಇಟ್ಟಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ನನ್ನ ನಿಶ್ಚಲ ಚಿತ್ರವನ್ನು ನಾನು ಬಿಟ್ಟುಕೊಡುವುದಿಲ್ಲ. ಆ ಹುಡುಗಿಯೇ ತೀರ್ಮಾನಿಸಲಿ.

ತೊಗರಿ ಸಾಲು, ಆಳಂದ

ಎರಡನ್ನೂ ಚಿತ್ರೀಕರಿಸಿ, ಗೆಳತಿಯರಿಗೆ ತೋರಿಸಿ ನೋಡುತ್ತೇನೆ. ಆದರೆ ನನಗೆ ಈಗ ಅನಿಸುತ್ತಿರುವುದು ಬೇರೆ. ಕಂಬಳಿ ಮತ್ತು ಬ್ಯಾಟರಿಯನ್ನು ಅವಳೇ ಕಾಣಲಿ, ಸದ್ದು ಕೇಳಿ ತಿರುಗಿದ ಮೇಲೆ, ಗಿಡಗಳ ಸಂದಿಯಿಂದ. ಆಗ ಕ್ಯಾಮೆರಾ ಅವಳ ಹಿಂದೆಯೇ ಇರುತ್ತದೆ. ಅವಳು ನಿಂತದ್ದರಿಂದ ಚಿತ್ರವೂ ಹೆಚ್ಚು ಕಡಿಮೆ ನಿಶ್ಚಲವಾಗಿರುತ್ತದೆ. ಚಪ್ಪಲಿ ಬೇಡ ಎನಿಸುತ್ತಿದೆ.

ಕರೇಜ್ ಸರ್, ಒಂದು ಸಮಸ್ಯೆ. ನಿನ್ನೆ ಪರೀಕ್ಷೆಗೆಂದು ಮುದ್ರಿಸಿದಾಗ ಹುಡುಗಿಯ ಸದ್ದಿಗಿಂತ ಕ್ಯಾಮೆರಾ ಹಿಡಿದವಳು ಗಿಡಕ್ಕೆ ತಾಕಿದ ಸದ್ದೇ ಜೋರಾಗಿ ಬಂದಿದೆ. ಇಬ್ಬರು ನಡೆದಂತೆ ಕೇಳುತ್ತದೆ. ಏನು ಮಾಡಲಿ?

ಕರೇಜ್, ಬೀದರ್

ಅದು ಎಲ್ಲರಿಗೂ ಬರುವ ಕಷ್ಟವಮ್ಮ. ಡೆನ್ಮಾರ್ಕ್‌ನ ಕೆಲವು ನಿರ್ದೇಶಕರು 1995ರಲ್ಲಿ 'ಡಾಗ್ಮೆ 95' ಎಂಬ ಪ್ರತಿಜ್ಞೆ ಮಾಡಿದಾಗ ಕ್ಯಾಮೆರಾ ಕೈಯಲ್ಲೇ ಇರಬೇಕು, ಧ್ವನಿಯನ್ನು ಚಿತ್ರದಿಂದ ಬೇರೆಯಾಗಿ ತಯಾರಿಸಬಾರದು ಎಂದು ಎರಡನ್ನೂ ಒಟ್ಟಿಗೆ ಬರೆದುಕೊಂಡಿದ್ದರು. ಆ ಪ್ರತಿಜ್ಞೆ ನಿನಗೆ ಬೇಕಿಲ್ಲ. ನಿನ್ನ ಇಡೀ ದೃಶ್ಯ 'ಇನ್ನೊಬ್ಬರ ಸದ್ದು' ಎಂಬುದರ ಮೇಲೆ ನಿಂತಿರುವುದರಿಂದ ಕ್ಯಾಮೆರಾದವಳ ಸದ್ದು ಒಂದಿಷ್ಟೂ ಉಳಿಯಬಾರದು.

ಚಿತ್ರ ಬೇರೆ, ಸದ್ದು ಬೇರೆ ತೆಗೆದುಕೊ. ಕ್ಯಾಮೆರಾ ಓಡುವಾಗ ಹುಡುಗಿಯ ಕಾಲರ್ ಮೈಕ್‌ನಿಂದ ಉಸಿರು ಮತ್ತು 'ಅಪ್ಪಾ' ಎಂಬ ಕರೆ ಸಿಕ್ಕರೆ ಸಾಕು. ಚಿತ್ರೀಕರಣ ಮುಗಿದ ಕೂಡಲೇ, ಅದೇ ಹೊತ್ತಿನಲ್ಲಿ, ಅದೇ ಸಾಲಿನಲ್ಲಿ ಹುಡುಗಿಯೊಬ್ಬಳೇ ಮತ್ತೆ ನಡೆಯಲಿ, ರೆಕಾರ್ಡರ್ ಅವಳ ಸೊಂಟದ ಎತ್ತರದಲ್ಲಿರಲಿ. ಅತಿ ಜೋರಾದ ಗಿಲಗಿಲವೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊ. ಮೈಕ್‌ಗೆ ಉಣ್ಣೆಯಂಥ ಗಾಳಿ ಹೊದಿಕೆ ಇಲ್ಲದೆ ಹೊಲಕ್ಕೆ ಹೋಗಬೇಡ.

ಆ 'ಇನ್ನೊಬ್ಬರ' ಸದ್ದನ್ನು ಬೇರೆಯಾಗಿ ಮುದ್ರಿಸು, ನಿಜವಾದ ದೂರದಿಂದಲೇ. ಹತ್ತಿರ ಮುದ್ರಿಸಿ ಎಡಿಟಿಂಗ್‌ನಲ್ಲಿ ಕಡಿಮೆ ಮಾಡಿದರೆ ದೂರ ಬರುವುದಿಲ್ಲ, ಸದ್ದು ಸಣ್ಣದಾಗುತ್ತದೆ ಅಷ್ಟೇ. ದೂರದ ಸದ್ದು ಗಿಡಗಳ ನಡುವೆ ಸೋಸಿ ಬರುವಾಗ ಅದರ ಚೂಪು ಹೋಗಿರುತ್ತದೆ. ಇಪ್ಪತ್ತು ಹೆಜ್ಜೆ ಆಚೆ ಗೆಳತಿಯನ್ನು ನಿಲ್ಲಿಸಿ ಅಲುಗಿಸಲು ಹೇಳು, ಒಮ್ಮೆ ಬರಿಗೈಯಿಂದ, ಒಮ್ಮೆ ಕಂಬಳಿ ಹೊದ್ದು. ಯಾವುದರಲ್ಲಿ ಮನುಷ್ಯ ಇದ್ದಾನೆ ಎನಿಸುತ್ತದೋ ಅದನ್ನು ಇಟ್ಟುಕೊ. ಕೊನೆಗೆ ಎಲ್ಲರೂ ಸುಮ್ಮನೆ ನಿಂತು ಎರಡು ನಿಮಿಷ ಖಾಲಿ ಹೊಲವನ್ನೇ ಮುದ್ರಿಸಿಕೊಳ್ಳಿ. ತುಣುಕುಗಳನ್ನು ಜೋಡಿಸುವಾಗ ಅದು ಅಡಿಪಾಯವಾಗುತ್ತದೆ. ಬೀದರ್‌ನಲ್ಲಿ ನಮಗೆ ಆ ಎರಡು ನಿಮಿಷ ಸಿಗುವುದೇ ಕಷ್ಟ, ವಾಯುಪಡೆಯ ತರಬೇತಿ ವಿಮಾನಗಳು ಬಂದುಬಿಡುತ್ತವೆ. ಆಳಂದದಲ್ಲಿ ನಿನಗೆ ಆ ಭಾಗ್ಯವಿದೆ.

ಕಟಾವು ಯಾವಾಗ ಎಂದು ಅಪ್ಪನನ್ನು ಇವತ್ತೇ ಕೇಳು. ಯಂತ್ರ ಹೊಲಕ್ಕಿಳಿದರೆ ಮುಂದಿನ ವರ್ಷದವರೆಗೆ ಆ ಗಿಲಗಿಲ ಸಿಗುವುದಿಲ್ಲ. ಚಿತ್ರೀಕರಣ ತಡವಾದರೂ ಚಿಂತೆಯಿಲ್ಲ, ಸದ್ದುಗಳನ್ನು ಮಾತ್ರ ಈ ವಾರವೇ ಮುದ್ರಿಸಿ ನನಗೆ ಕಳುಹಿಸು. ಕೇಳಿ ಹೇಳುತ್ತೇನೆ.